ಮುಳುಗಡೆ ಊರಿನವನ ಸಿಕ್ ಲೀವ್

ನೆದರ್‌ಲ್ಯಾಂಡ್ಸ್‌ನಲ್ಲಿ ಹುಷಾರಿಲ್ಲ ಅಂತ ರಜೆ ಹಾಕಿದರೆ, ಏನಾಗಿದೆ ಅಂತ ನಿಮ್ಮ ಬಾಸ್ ಕೇಳುವ ಹಾಗಿಲ್ಲ. ಕಾನೂನೇ ಹಾಗಿದೆ. ಸುಮಾರು ಎಷ್ಟು ದಿನ ಬೇಕಾಗಬಹುದು, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಕೇಳಬಹುದು. ಕಾಯಿಲೆ ಏನು ಅಂತ ಕೇಳುವಂತಿಲ್ಲ. ಬಾಗಲಕೋಟೆಯಲ್ಲಿ ಹಾಲು ಹಾಕುವವನೂ ಕೇಳುತ್ತಾನೆ. ಕೇಳಿ ಸುಮ್ಮನಾಗುವುದಿಲ್ಲ, ಒಂದು ಔಷಧಿ ಹೇಳಿಯೇ ಮುಂದಿನ ಮನೆಗೆ ಹೋಗುತ್ತಾನೆ.

ಕಳೆದ ಚಳಿಗಾಲ ನಾನು ಈ ಎರಡೂ ಊರುಗಳಲ್ಲಿ ಸಿಕ್ ಲೀವ್ ಮೇಲೆ ಇದ್ದೆ. ಮೊದಲು ಆಮ್‌ಸ್ಟರ್‌ಡಾಮ್ ಪಕ್ಕದ ಅಲ್ಮೇರೆಯಲ್ಲಿ, ಆಮೇಲೆ ಬಾಗಲಕೋಟೆಯ ನವನಗರದಲ್ಲಿ ಅವ್ವನ ಮನೆಯಲ್ಲಿ. ಎಲ್ಲಿ ಜಾಸ್ತಿ ಆರಾಮ ಸಿಕ್ಕಿತು ಅಂತ ಗೆಳೆಯರು ಕೇಳುತ್ತಾರೆ. ಅವರಿಗೆ ಒಂದು ಸಾಲಿನ ಉತ್ತರ ಬೇಕು. ನನ್ನ ಹತ್ತಿರ ಅದು ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೆ ಆಗಿದ್ದು ಬರ್ನ್‌ಔಟ್. ಅದು ಧಡಾರನೆ ಬಂದು ಬೀಳಲಿಲ್ಲ. ಮೊದಲು ನಿದ್ದೆ ಹೋಯಿತು. ರಾತ್ರಿ ಮೂರಕ್ಕೆ ಎಚ್ಚರ, ತಲೆಯಲ್ಲಿ ರಿಲೀಸ್ ಡೇಟು. ಆಮೇಲೆ ಓದುವುದು ಹೋಯಿತು. ಒಂದು ಇಮೇಲನ್ನು ನಾಲ್ಕು ಸಲ ಓದಿದರೂ ಅದರಲ್ಲಿ ಏನಿದೆ ಅಂತ ಗೊತ್ತಾಗುತ್ತಿರಲಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಮೊಸರಿನ ಕಪಾಟಿನ ಮುಂದೆ ನಿಂತರೆ, ಅಷ್ಟೊಂದು ಡಬ್ಬಿಗಳಲ್ಲಿ ನಮ್ಮ ಮನೆಯದು ಯಾವುದು ಅಂತ ಆರಿಸಲಾಗದೆ ಕೈ ನಡುಗಿ, ಖಾಲಿ ಚೀಲ ಹಿಡಿದು ವಾಪಸ್ ಬರುತ್ತಿದ್ದೆ. ಕಂಪ್ಯೂಟರಿನಲ್ಲಿ ಮೆಸೇಜ್ ಬಂದ ಸದ್ದಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮಗಳು ಶಾಲೆಯಿಂದ ಬಂದು ಏನೋ ಹೇಳುತ್ತಿದ್ದಳು, ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ, ಮಾತು ಒಳಗೆ ಇಳಿಯುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿತು. ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ಮನಸ್ಸು ಕಹಿಯಾಗಿ ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು. ಇದನ್ನು ಕಾಯಿಲೆ ಅಂತ ಅದು ಕರೆಯುವುದಿಲ್ಲ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಅನ್ನುತ್ತದೆ. ನನ್ನನ್ನು ಜಾಸ್ತಿ ಹೆದರಿಸಿದ್ದು ಆ ನಡುವಿನದು. ಸುಸ್ತಾದರೆ ಮಲಗಬಹುದು. ಆದರೆ ವರ್ಷಗಟ್ಟಲೆ ಜೊತೆಗೆ ಊಟ ಮಾಡಿದ ಸಹೋದ್ಯೋಗಿಯ ದನಿ ಕೇಳಿದರೆ ಸಿಟ್ಟು ಬರುತ್ತದಲ್ಲ, ಅದು ನಾನೇನಾ ಅನಿಸುತ್ತಿತ್ತು. 1974ರಲ್ಲಿ ಇದರ ಬಗ್ಗೆ ಮೊದಲು ಬರೆದವರಲ್ಲೊಬ್ಬರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವರು ನೋಡಿದ್ದು ಉಚಿತ ಕ್ಲಿನಿಕ್‌ನಲ್ಲಿ ಸೇವೆಗೆ ಬರುತ್ತಿದ್ದವರನ್ನು, ಅಂದರೆ ಕೆಲಸವನ್ನು ಪ್ರೀತಿಸಿ ಬಂದವರನ್ನು. ಕೆಲಸಗಳ್ಳರಿಗೆ ಇದು ಬರುವುದಿಲ್ಲ ಅಂತ ನನ್ನ ಅನುಮಾನ.

ಕಂಪನಿ ಡಾಕ್ಟರ್ ಅಂತ ಅಲ್ಲಿ ಒಬ್ಬರು ಇರುತ್ತಾರೆ. ಚಿಕಿತ್ಸೆ ಕೊಡುವುದು ಅವರ ಕೆಲಸವಲ್ಲ. ನೀವು ಎಷ್ಟು ಕೆಲಸ ಮಾಡಬಲ್ಲಿರಿ ಅಂತ ಕಂಪನಿಗೆ ಹೇಳುವುದು ಅವರ ಕೆಲಸ. ನನಗೆ ಸಿಕ್ಕವರು ವಯಸ್ಸಾದ ಹೆಂಗಸು. ಅವರ ಮೊದಲ ಸಲಹೆ ಕೇಳಿ ಇವರೇನು ಡಾಕ್ಟರಾ ಅನಿಸಿತು. ದಿನಾ ಒಂದೇ ಹೊತ್ತಿಗೆ ಏಳಿ, ನಡೆಯಿರಿ, ಮಲಗಿ. ಯಾವಾಗ ಸರಿ ಹೋಗುತ್ತದೆ ಅಂತ ಕೇಳಿದ್ದಕ್ಕೆ, ತಾರೀಖು ಕೇಳಬೇಡಿ ಅಂದರು.

ತಾರೀಖು ಕೇಳದೆ ಹೇಗಿರುವುದು? ಹೊರದೇಶದಲ್ಲಿ ಇರುವವರಿಗೆ ಎಲ್ಲದಕ್ಕೂ ತಾರೀಖು. ಪರ್ಮಿಟ್ ಯಾವಾಗ ಮುಗಿಯುತ್ತದೆ, ಪಾಸ್‌ಪೋರ್ಟ್ ಯಾವಾಗ, ಟಿಕೆಟ್ ಯಾವಾಗ ಅಗ್ಗ. ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಅಂತ ಹೋದವರ ಪರ್ಮಿಟ್ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಇನ್ನೊಂದು ಹುಡುಕಲು ಮೂರು ತಿಂಗಳು. ನಿಜ ಹೇಳಬೇಕೆಂದರೆ ಆ ದೇಶದ ಕಾನೂನು ಕಾಯಿಲೆ ಬಿದ್ದವನ ಪರವಾಗಿದೆ. ಎರಡು ವರ್ಷ, ಅಂದರೆ 104 ವಾರ, ಸಂಬಳದ ಕಡಿಮೆ ಎಂದರೂ 70 ಪರ್ಸೆಂಟ್ ಕೊಡಬೇಕು, ಆ ಅವಧಿಯಲ್ಲಿ ಕಾಯಿಲೆಯ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಎಂಟನೇ ವಾರದೊಳಗೆ ಕಂಪನಿಯೂ ಕೆಲಸಗಾರನೂ ಕೂತು ವಾಪಸ್ ಬರುವ ಪ್ಲಾನ್ ಬರೆಯಬೇಕು. ಇದೆಲ್ಲ ಓದಿ ತಿಳಿದುಕೊಂಡೆ. ತಿಳಿದುಕೊಂಡರೂ ಎದೆಯ ಮೇಲಿನ ಕಲ್ಲು ಕದಲಲಿಲ್ಲ, ಅದು ಬೇರೆ ಮಾತು. ಹೆಂಡತಿಯೇ ಹೇಳಿದಳು, ಸ್ವಲ್ಪ ದಿನ ಊರಿಗೆ ಹೋಗಿ ಬಾ ಅಂತ. ಸಿಕ್ ಲೀವ್‌ನಲ್ಲಿ ದೇಶ ಬಿಡಲು ಕಂಪನಿಯ ಒಪ್ಪಿಗೆ ಬೇಕು. ಡಾಕ್ಟರ್ ಬೇಡ ಅನ್ನಲಿಲ್ಲ. ಒಪ್ಪಿಗೆ ಸಿಕ್ಕಿತು.

ಸಂಕ್ರಾಂತಿಗೆ ಮುಂಚೆ ಬಂದಿಳಿದೆ. ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನ್ ಆಗೇತೋ ತಮ್ಮಾ? ಜ್ವರ ಇಲ್ಲ, ಕೆಮ್ಮಿಲ್ಲ."

"ಸಾಕಾಗೇತವ್ವಾ."

"ಸಾಕಾಗಿದ್ರ ಕುಂದ್ರು."

ಅಷ್ಟೇ. ಸಂಜೆ ಉಪ್ಪು, ಒಣ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಬರದಿದ್ದರೆ ದೃಷ್ಟಿ ಆಗಿದ್ದು ಖರೆ ಅಂತ ಅವಳ ಲೆಕ್ಕ. ಮನಶ್ಶಾಸ್ತ್ರಜ್ಞರ ಮುಂದೆ ಕೂತು ಅಷ್ಟೊಂದು ಪ್ರಶ್ನಾವಳಿ ತುಂಬಿ ಬಂದವನಿಗೆ ಇದು ಎಷ್ಟೋ ವಾಸಿ ಅನಿಸಿತು.

ಆದರೆ ಊರಿಗೆ ಬಂದರೆ ಎಲ್ಲ ಸರಿ ಹೋಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೊರದೇಶದಲ್ಲಿರುವ ನಮ್ಮವರು ಇದನ್ನು ಬಹಳ ಹೇಳುತ್ತಾರೆ, ಅದರಲ್ಲೂ ಎರಡು ವಾರದ ರಜೆಯಲ್ಲಿ ಬಂದು ಹೋಗುವವರು. ಮೊದಲ ದಿನಗಳಲ್ಲಿ ನನಗೆ ಇಲ್ಲೂ ನಿದ್ದೆ ಇಲ್ಲ. ಬೆಳಿಗ್ಗೆ ಧ್ವನಿವರ್ಧಕ, ಮಧ್ಯಾಹ್ನ ನೆಂಟರು, ಸಂಜೆ ಅವರ ಮಕ್ಕಳ ಬಯೋಡೇಟಾ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದೆವು. ಹರಿದ್ರಾತೀರ್ಥದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮನ ಹತ್ತಿರ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ತಿಂದಾಗ ಸ್ವರ್ಗ. ಅಲ್ಲಿಂದ ಎದ್ದು ಜನರ ನಡುವೆ ನೂರು ಹೆಜ್ಜೆ ಹಾಕುವುದರೊಳಗೆ ತಲೆ ತಿರುಗಿ ಕಾರಿನಲ್ಲಿ ಹೋಗಿ ಮಲಗಿದೆ. ನಾಟಕ ನೋಡಬೇಕು ಅಂತ ಬಂದಿದ್ದ ಅವ್ವನಿಗೆ ಬೇಜಾರು. ದಣಿದ ನರಗಳಿಗೆ ಇದು ನಮ್ಮೂರ ಗದ್ದಲ, ಅದು ಪರಊರ ಗದ್ದಲ ಅಂತ ಭೇದ ಗೊತ್ತಾಗುವುದಿಲ್ಲ.

ಇನ್ನು ನಮ್ಮೂರು ಅಂದರೂ ಯಾವುದು ಅಂತ ಹೇಳಬೇಕು. ನಾನು ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಕೃಷ್ಣಾ ನದಿಯ ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಣೆಕಟ್ಟು ಎದ್ದು ನಿಲ್ಲುವ ಹೊತ್ತಿಗೆ ನಾನು ಹೈಸ್ಕೂಲ್ ಹುಡುಗ. ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಸರಿದು ಊರಿನೊಳಗೆ ಬಂತು. ಊರು ಪೂರ್ತಿ ಮುಳುಗಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ನಮ್ಮ ಮನೆ ಹೋಯಿತು. ಪರಿಹಾರ ಬಂತು, ನವನಗರದಲ್ಲಿ ಸೈಟು ಬಂತು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ನವನಗರದ ನಕ್ಷೆಯ ಹಿಂದೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಇದ್ದರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಗೊತ್ತಿದ್ದಿದ್ದು ಒಂದೇ, ರಸ್ತೆ ಅಗಲ, ಗಿಡ ಸಣ್ಣವು, ನೆರಳಿಲ್ಲ. ಕಟ್ಟೆಯ ಮೇಲೆ ಕೂತರೆ ಎದುರು ಮಾತಾಡಲು ಗುರುತಿನವರಿಲ್ಲ. ಅವ್ವ ಇವತ್ತಿಗೂ ಸೀರೆ, ಭಾಂಡೆ, ಬಂಗಾರ ಏನೇ ಬೇಕಾದರೂ ಹಳೇ ಊರಿನ ಪೇಟೆಗೇ ಹೋಗುತ್ತಾಳೆ. ಹೋಳಿಗಂತೂ ಕೇಳುವುದೇ ಬೇಡ. ಹಲಗಿ ಸದ್ದು ಅಲ್ಲಿ, ಬಣ್ಣದ ಬಂಡಿ ಅಲ್ಲಿ, ಅವ್ವನೂ ಅಲ್ಲಿ.

ಸೋದರಮಾವ ಇನ್ನೂ ಹಳೇ ಊರಿನಲ್ಲೇ ಇದ್ದಾನೆ. ಅವನ ಮನೆ ಮೊದಲ ಮುಳುಗಡೆಯಲ್ಲಿ ಉಳಿಯಿತು. ಆದರೆ ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.6 ಮೀಟರ್‌ವರೆಗೆ. ಅದನ್ನು 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಏರಿಸಿದರೆ ಮಾಮಾನ ಮನೆಗೂ ಹೋಗುವ ಸರದಿ. ಆ ತೀರ್ಪು ಗೆಜೆಟ್‌ನಲ್ಲಿ ಬರಬೇಕು, ರಾಜ್ಯ ರಾಜ್ಯಗಳ ಜಗಳ ಕೋರ್ಟಿನಲ್ಲಿ ತೀರಬೇಕು, ಪರಿಹಾರದ ದುಡ್ಡು ಹೊಂದಬೇಕು. ಚುನಾವಣೆ ಬಂದಾಗಲೆಲ್ಲ ಮಾತು ಏಳುತ್ತದೆ, ಮುಗಿದ ಮೇಲೆ ಮಲಗುತ್ತದೆ. ಹೀಗೆ ಒಂದೂವರೆ ದಶಕದ ಮೇಲಾಯಿತು. ಮನೆ ಹೋಗುತ್ತದೆ ಅಂತ ಗೊತ್ತು, ಯಾವಾಗ ಅಂತ ಗೊತ್ತಿಲ್ಲ.

ಜನವರಿ ಕೊನೆಯ ಒಂದು ಬೆಳಿಗ್ಗೆ ಹೋದಾಗ ಮಾಮಾ ಮಾಳಿಗೆ ಮೇಲಿದ್ದ. ಗೌಂಡಿಯನ್ನು ಕರೆಸಿ ಮಾಳಿಗೆ ರಿಪೇರಿ ನಡೆಸಿದ್ದ. ಕೆಳಗೆ ಪಡಸಾಲೆಯಲ್ಲಿ ಹೊಸ ಟೈಲ್ಸ್ ಬಂದು ಬಿದ್ದಿದ್ದವು. ಅತ್ತಿ ಬಣ್ಣದ ಕಾರ್ಡು ಹಿಡಿದು ತಿಳಿ ಹಸಿರೋ ಹಳದಿಯೋ ಅಂತ ಕೇಳಿದಳು.

"ಹೋಗೂ ಮನಿಗೆ ಯಾಕ ಮಾಮಾ ಇಷ್ಟ್ ಖರ್ಚು?"

ಮಾಮಾ ಏಣಿಯಿಂದ ಇಳಿದು ಕೈ ಝಾಡಿಸಿಕೊಂಡ. "ಹೋಗೂದು ಯಾವಾಗರ ಹೋಗಲಿ. ಸೋರೂದು ಈ ಮಳಿಗಾಲದಾಗ ಐತಲ್ಲ."

ಇಷ್ಟು ಹೇಳಿ ಚಹಾ ಮಾಡಲು ಕೂಗಿದ. ಅವನಿಗೆ ಅದು ದೊಡ್ಡ ಮಾತೇ ಅಲ್ಲ. ನನಗೂ ಆ ಕ್ಷಣದಲ್ಲಿ ಏನೂ ಹೊಳೆಯಲಿಲ್ಲ, ತಿಳಿ ಹಸಿರು ಚೆನ್ನಾಗಿರುತ್ತದೆ ಅಂತ ಅತ್ತಿಗೆ ಹೇಳಿ ಚಹಾ ಕುಡಿದು ಬಂದೆ. ಆಮೇಲೆ ದಿನಗಟ್ಟಲೆ ಅದು ತಲೆಯಲ್ಲಿ ಸುತ್ತಿತು.

ನಮ್ಮ ಅಲ್ಮೇರೆ ಮನೆ ಹೇಗಿದೆ ಅಂತ ಯೋಚಿಸಿ. ನಾವು ಅಲ್ಲಿಗೆ ಹೋಗಿ ವರ್ಷಗಳಾದವು. ಊಟದ ಟೇಬಲ್ ಯಾರೋ ಕನ್ನಡದವರು ವಾಪಸ್ ಹೋಗುವಾಗ ಕೊಟ್ಟಿದ್ದು, ಒಂದು ಕಾಲು ಅಲುಗಾಡುತ್ತದೆ. ಬೆಡ್‌ರೂಮಿಗೆ ಕರ್ಟನ್ ಬದಲು ಹಳೇ ಬೆಡ್‌ಶೀಟ್. ಒಂದು ಮೂಲೆಯಲ್ಲಿ ಬಿಚ್ಚದ ರಟ್ಟಿನ ಡಬ್ಬಿಗಳು. ಯಾಕೆ ಬಿಚ್ಚಬೇಕು, ಹೇಗಿದ್ದರೂ ಹೋಗುವುದಲ್ಲ? ಡಚ್ ಭಾಷೆ ಯಾಕೆ ಸರಿಯಾಗಿ ಕಲಿಯಬೇಕು, ಹೇಗಿದ್ದರೂ ಹೋಗುವುದಲ್ಲ? ಪಕ್ಕದ ಮನೆಯವರ ಹೆಸರು ಗೊತ್ತು, ಅದಕ್ಕಿಂತ ಮುಂದೆ ಗೊತ್ತಿಲ್ಲ. ಇತ್ತ ನವನಗರದ ಮನೆಯ ಮೇಲಿನ ಅಂತಸ್ತಿನಲ್ಲಿ ಬಾತ್‌ರೂಮಿಗೆ ಬಾಗಿಲಿಲ್ಲ. ವಾಪಸ್ ಬಂದ ಮೇಲೆ ಮಾಡಿಸೋಣ ಅಂತ ಅದನ್ನೂ ಹಾಗೇ ಬಿಟ್ಟಿದ್ದೇವೆ. ಎರಡು ಮನೆ, ಎರಡೂ ಅರ್ಧ.

ಈ ಅರ್ಧ ಬದುಕಿನಲ್ಲಿ ಪೂರ್ತಿಯಾಗಿ ಇದ್ದಿದ್ದು ಒಂದೇ, ಆಫೀಸು. ಅಲ್ಲಿ ಮಾತ್ರ ನಾಳೆಗೆ ಬಿಡುವುದು ಅಂತ ಇರಲಿಲ್ಲ. ಅಲ್ಲಿ ನನಗೆ ಹೆಸರಿತ್ತು, ಜಾಗವಿತ್ತು, ನಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅನ್ನುವ ಒಂದು ಖುಷಿ ಇತ್ತು. ಮಿಕ್ಕಿದ್ದೆಲ್ಲ ಮುಂದೂಡಿದ್ದರಿಂದ ಇರುವ ಜೀವವನ್ನೆಲ್ಲ ಅಲ್ಲೇ ಸುರಿದೆ. ಕೆಲಸದ ಹೊರೆ ಜಾಸ್ತಿಯಿತ್ತು, ಅದು ಸುಳ್ಳಲ್ಲ. ಜನರನ್ನು ಕಡಿಮೆ ಮಾಡಿ ಅದೇ ಡೆಡ್‌ಲೈನ್ ಇಟ್ಟರು. ಆದರೆ ಅದೇ ತಂಡದಲ್ಲಿ ಅದೇ ಹೊರೆ ಹೊತ್ತ ಡಚ್ ಸಹೋದ್ಯೋಗಿ ಸಂಜೆ ಹಾಕಿ ಆಡಲು ಹೋಗುತ್ತಿದ್ದ, ಭಾನುವಾರ ಅಮ್ಮನ ಮನೆಗೆ ಹೋಗುತ್ತಿದ್ದ. ಅವನಿಗೆ ನಿಲ್ಲಲು ನಾಲ್ಕು ಜಾಗಗಳಿದ್ದವು. ನಮ್ಮಂಥವರಲ್ಲಿ ಎಷ್ಟೋ ಮಂದಿ ಒಂಟಿ ಕಾಲ ಮೇಲೆ ನಿಂತಿರುತ್ತೇವೆ, ಆ ಕಾಲೇ ಸಂಬಳ ಕೊಡುವ ಕಾಲು. ಮ್ಯಾನೇಜರ್ ಕೆಟ್ಟವನಾ ಒಳ್ಳೆಯವನಾ ಅಂತ ಚರ್ಚೆ ಮಾಡುವಷ್ಟೇ ಹೊತ್ತು ಇದನ್ನೂ ನೋಡಬೇಕು.

ಮಾಮಾ ತನ್ನ ಮನೆಯ ಭವಿಷ್ಯ ತೀರ್ಮಾನವಾಗಲಿ ಅಂತ ಕಾದಿದ್ದರೆ ಇಷ್ಟು ಮಳೆಗಾಲವೂ ಬಕೆಟ್ ಇಟ್ಟುಕೊಂಡು ಕೂರಬೇಕಿತ್ತು. ಅವನು ಧೈರ್ಯವಂತ ಅಂತಲೋ ಜ್ಞಾನಿ ಅಂತಲೋ ನಾನು ಹೇಳುತ್ತಿಲ್ಲ. ಪರಿಹಾರದ ಮಾತು ಬಂದರೆ ಬಾಯಿಗೆ ಬಂದಂತೆ ಬೈಯುತ್ತಾನೆ, ಬೈಯಬೇಕಾದ್ದೇ. ಬೈಯುತ್ತಲೇ ಟೈಲ್ಸ್ ಹಾಕಿಸುತ್ತಾನೆ. ಹೊರಗಿನ ತೀರ್ಮಾನ ಬಂದ ಮೇಲೆ ನೆಮ್ಮದಿ ಶುರು ಅಂತ ಇದ್ದ ನನ್ನ ಲೆಕ್ಕ ಅಲ್ಲಿ ಸಡಿಲವಾಯಿತು. ವಾಪಸ್ ಬರಬೇಕಾ, ಅಲ್ಲೇ ಇರಬೇಕಾ, ಪೂರ್ತಿ ಗುಣವಾಗುತ್ತದಾ, ಹಳೆಯ ವೇಗ ಮತ್ತೆ ಬರುತ್ತದಾ, ಒಂದಕ್ಕೂ ಉತ್ತರ ಸಿಕ್ಕಿರಲಿಲ್ಲ. ಆದರೂ ಫೆಬ್ರವರಿಯ ಸಂಜೆಗಳಲ್ಲಿ ಕಟ್ಟೆ ಮೇಲೆ ಕೂತು ಅವ್ವನ ಜೊತೆ ಹಸಿ ಕಡಲೆ ಬಿಡಿಸುವಾಗ ನನಗೆ ಬೇರೆ ಎಲ್ಲೂ ಇರಬೇಕು ಅನಿಸುತ್ತಿರಲಿಲ್ಲ. ಬಹಳ ವರ್ಷಗಳ ಮೇಲೆ ಹಾಗೆ ಅನಿಸಿದ್ದು. ಅವತ್ತೇ ರಾತ್ರಿ ಮತ್ತೆ ಮೂರಕ್ಕೆ ಎಚ್ಚರವಾಗಿರಬಹುದು, ಅದೂ ಆಗುತ್ತಿತ್ತು. ಎರಡೂ ಒಟ್ಟಿಗೇ ಇರಬಲ್ಲವು ಅಂತ ನನಗೆ ಯಾರೂ ಹೇಳಿರಲಿಲ್ಲ.

ಹೊರಡುವ ಮುಂಚೆ ಮೇಲಿನ ಬಾತ್‌ರೂಮಿಗೆ ಬಾಗಿಲು ಹಾಕಿಸಿದೆ. ಬಡಿಗ ಹೇಳಿದ್ದಕ್ಕಿಂತ ಒಂದು ವಾರ ತಡ ಮಾಡಿದ, ಆ ಸಿಟ್ಟಿಗೆ ಎರಡು ದಿನ ನಿದ್ದೆ ಕೆಟ್ಟಿತು. ಗುಣವಾಗಿದ್ದೇನೆ ಅಂತ ಬೀಗುವವರು ಬಡಿಗನ ಹತ್ತಿರ ಒಂದು ಸಲ ಕೆಲಸ ಮಾಡಿಸಿ ನೋಡಬೇಕು.

ಅಲ್ಮೇರೆಗೆ ಮರಳಿದ ಮೇಲೆ ಆ ಊರು ಬೇರೆ ಥರ ಕಾಣಿಸತೊಡಗಿತು. ಅದೂ ನವನಗರದ ಹಾಗೆ ನಕ್ಷೆ ಹಾಕಿ ಕಟ್ಟಿದ ಊರೇ. ಮೊದಲ ಮನೆಗಳಿಗೆ ಜನ ಬಂದಿದ್ದು 1976ರಲ್ಲಿ. ಅದಕ್ಕೆ ಒಂದು ದಶಕ ಮುಂಚೆ ಅಲ್ಲಿ ನೆಲವೇ ಇರಲಿಲ್ಲ, ನೀರಿತ್ತು. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಸಮುದ್ರವನ್ನು ಹೊರಗೆ ನಿಲ್ಲಿಸಿದರು, ಆಮೇಲೆ ಒಳಗಿನ ನೀರನ್ನು ತುಂಡು ತುಂಡಾಗಿ ಪಂಪ್ ಮಾಡಿ ತೆಗೆದರು. ನಮ್ಮ ಬೀದಿ ಇರುವುದು ಸಮುದ್ರ ಮಟ್ಟಕ್ಕಿಂತ ಕೆಲವು ಮೀಟರ್ ಕೆಳಗೆ. ಆ ಊರಿನಲ್ಲಿ ಅಜ್ಜನ ಕಾಲದ ಮನೆ ಅಂತ ಯಾರಿಗೂ ಇಲ್ಲ. ಎಲ್ಲರೂ ಬಂದವರೇ. ಇಷ್ಟು ವರ್ಷ ಇದ್ದೂ ನಾನು ಇದನ್ನು ಗಮನಿಸಿರಲಿಲ್ಲ, ಬೆಳಿಗ್ಗೆ ಆಮ್‌ಸ್ಟರ್‌ಡಾಮ್ ರೈಲು ಹಿಡಿಯುವುದು, ಕತ್ತಲಾದ ಮೇಲೆ ಬರುವುದು, ಅಷ್ಟೇ ಇತ್ತು.

ಅದೇ ಪ್ರಾಂತ್ಯದಲ್ಲಿ ಸ್ಕೋಕ್‌ಲ್ಯಾಂಡ್ ಅಂತ ಒಂದು ಜಾಗವಿದೆ. ಹಿಂದೆ ದ್ವೀಪ. ಸಮುದ್ರ ಸವೆಸುತ್ತಾ ಬಂದು 1859ರಲ್ಲಿ ಸರ್ಕಾರ ಅಲ್ಲಿದ್ದ ಸುಮಾರು 650 ಜನರನ್ನು ಎಬ್ಬಿಸಿ ಕಳಿಸಿತು. ಎಂಬತ್ತಕ್ಕೂ ಹೆಚ್ಚು ವರ್ಷದ ಮೇಲೆ ಸುತ್ತಲಿನ ನೀರನ್ನೇ ತೆಗೆದರು. ಈಗ ದ್ವೀಪ ಹೊಲಗಳ ನಡುವೆ ಒಂದು ಸಣ್ಣ ದಿಬ್ಬವಾಗಿ ನಿಂತಿದೆ, 1995ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಮ್ಯೂಸಿಯಂ ಇದೆ, ಹಳೇ ಚರ್ಚ್ ಇದೆ. ಅಲ್ಲಿಂದ ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ನಮ್ಮ ಮುಳುಗಡಿ ಹಳ್ಳಿಗೋಳಿಗೆ ಒಂದ್ ಬೋರ್ಡರ ಹಚ್ಚಬೇಕಿತ್ತು" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹಿನ್ನೀರಿಗೆ ಪಟ್ಟೆತಲೆಯ ಹೆಬ್ಬಾತು, ಫ್ಲೆಮಿಂಗೋ ನೋಡಲು ಕ್ಯಾಮೆರಾ ಹಿಡಿದು ಬರುವವರಿಗೆ ಆ ನೀರಿನ ಕೆಳಗೆ ಯಾರ ಹೊಲ ಇತ್ತು ಅಂತ ಹೇಳುವ ಒಂದು ಫಲಕವಾದರೂ ಬೇಡವೇ?

ಕೆಲಸಕ್ಕೆ ನಿಧಾನವಾಗಿ ಮರಳುತ್ತಿದ್ದೇನೆ. ಮೊದಲು ವಾರಕ್ಕೆ ಎರಡು ಬೆಳಿಗ್ಗೆ, ತಲಾ ಎರಡು ಗಂಟೆ, ಅದೂ ಡೆಡ್‌ಲೈನ್ ಇಲ್ಲದ ಕೆಲಸ. ಈಗ ಸ್ವಲ್ಪ ಜಾಸ್ತಿ. ಹಳೆಯ ಜಾಗಕ್ಕೆ ಹೊಸಬ ಬಂದಿದ್ದಾನೆ, ಚೆನ್ನಾಗಿಯೇ ಮಾಡುತ್ತಾನೆ. ಮೊದಮೊದಲು ಅದು ಚುಚ್ಚಿತು, ಈಗ ಅವನು ನನಗಿಂತ ತಡವಾಗಿ ಮನೆಗೆ ಹೋಗುವುದು ನೋಡಿದರೆ ಕಳವಳವಾಗುತ್ತದೆ. ಮಧ್ಯಾಹ್ನ ಲೈಬ್ರರಿಯಲ್ಲಿ ಡಚ್ ಮಾತಾಡುವ ಗುಂಪಿಗೆ ಹೋಗುತ್ತೇನೆ. ಅಲ್ಲಿ ಸಿರಿಯಾದವರು, ಪೋಲೆಂಡಿನವರು, ಒಬ್ಬ ನಿವೃತ್ತ ಡಚ್ ಮೇಷ್ಟ್ರು. ನನ್ನ ಉಚ್ಚಾರ ಕೇಳಿ ಮಗಳು ನಗುತ್ತಾಳೆ. ಟೇಬಲ್ ಹೊಸದು ಬಂದಿದೆ. ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಾಗಕ್ಕೆ ಹೆಸರು ಬರೆಸಿದ್ದೇವೆ, ಸರದಿ ಉದ್ದವಿದೆ. ಅಲ್ಲಿಯವರೆಗೆ ಬಾಲ್ಕನಿಯ ಡಬ್ಬಿಯಲ್ಲಿ ಮೆಂತ್ಯ. ಪುಂಡಿ ಬೀಜವನ್ನೂ ಹಾಕಿದ್ದೆ. ಆ ಚಳಿಗೆ ಅದು ಗೇಣುದ್ದವೂ ಬರಲಿಲ್ಲ.

ಬರುವ ಬೇಸಿಗೆಗೆ ಅವ್ವ ಬರುತ್ತಾಳೆ. ಇಷ್ಟು ವರ್ಷ ಕರೆದಿರಲಿಲ್ಲ, ಮನೆ ಒಂದು ಹದಕ್ಕೆ ಬರಲಿ ಅಂತ. ಈಗ ದಿನಾ ಫೋನು. ಜೋಳದ ಹಿಟ್ಟು ತರಬಹುದಾ, ಗುರೆಳ್ಳು ಚಟ್ನಿ ತರಬಹುದಾ. ತರಬಹುದು ಅಂದೆ. ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ಯುರೋಪಿನ ಒಳಗೆ ಬಿಡುವುದಿಲ್ಲ ಅಂದೆ. ಅದು ಅವಳಿಗೆ ದೊಡ್ಡ ಚಿಂತೆಯಾಗಿದೆ, ತುಪ್ಪವಿಲ್ಲದ ಶೇಂಗಾ ಹೋಳಿಗೆಯನ್ನು ಮೊಮ್ಮಗಳು ಹೇಗೆ ತಿನ್ನಬೇಕು ಅಂತ. ಅಲ್ಲೂ ತುಪ್ಪ ಸಿಗುತ್ತದೆ ಅಂದರೆ ನಂಬುವುದಿಲ್ಲ. ಮೊನ್ನೆ ಮಾತಿನ ನಡುವೆ ನಮ್ಮ ಮನೆ ಸಮುದ್ರಕ್ಕಿಂತ ಕೆಳಗಿದೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದಿಲ್ಲ.

"ನೀರಿಗಿಂತ ತೆಳಗ ಮನಿ ಕಟ್ಟ್ಯಾರ? ಮತ್ತ ಪರಿಹಾರ ಎಷ್ಟ್ ಕೊಡ್ತಾರಂತ?"